ಒಂದೇ ಒಂದು ಅಲೆ

"ಈ ಚಳಿಗಾಲ ಮುಗಿಯೋದ್ರೊಳಗೆ ಹಿಂದೂ ಮಹಾಸಾಗರದ ಅಲೆ ಏರಿ, ಕೂತ ಜಾಗದಿಂದ ಅಲ್ಲಾಡದೆ, ರಾಜನ ಹಾಗೆ ದಡಕ್ಕೆ ಬಂದು ಇಳೀತೀನಿ! ಇಳೀದಿದ್ರೆ ನನ್ನ ಹೆಸರು ಸೆಲೆ ಅಲ್ಲ!"

ದಕ್ಷಿಣ ಆಫ್ರಿಕದ ಅಮಂಡಾವೆ ಎಂಬ ಊರಿನ ತಮ್ಮ ಮನೆಯ ನಡುಕೋಣೆಯಲ್ಲಿ ಎದ್ದು ನಿಂತು, ಬಲಗೈ ಮೇಲೆತ್ತಿ ಸೆಲೆಯವರು ಹೀಗೆ ಘೋಷಿಸಿದಾಗ ಸಭಿಕರು ಇಬ್ಬರೇ. ಒಬ್ಬರು ಹೆಂಡತಿ ಮಾಶೇಜಿ. ಇನ್ನೊಂದು, ಬಾಗಿಲು ತೆರೆದಿತ್ತೆಂದು ಒಳಗೆ ಬಂದಿದ್ದ ಪಕ್ಕದ ಮನೆಯ ಕೋಳಿ. ಕೋಳಿ ಕತ್ತು ಓರೆ ಮಾಡಿ ಗೌರವದಿಂದಲೇ ಕೇಳಿಸಿಕೊಂಡಿತು. ಮಾಶೇಜಿ ಬೀನ್ಸ್ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

"ಹೆಸರು ಬದಲಾಯಿಸಬೇಕಂದ್ರೆ ಬೆಳಿಗ್ಗೆ ಬೇಗ ಕಚೇರಿಗೆ ಹೋಗಿ. ಕ್ಯೂ ಉದ್ದ ಇರುತ್ತೆ" ಎಂದರು.

ಸೆಲೆಯವರ ಪೂರ್ತಿ ಹೆಸರು ಮ್ಫಾನಾಫುತಿ ಸೆಲೆ. ಮ್ಫಾನಾಫುತಿ ಎಂದರೆ ಜುಲು ಮಾತಿನಲ್ಲಿ 'ಮತ್ತೂ ಹುಡುಗನೇ!' ಎಂದು. ನಾಲ್ಕು ಗಂಡು ಹೆತ್ತು, ಐದನೆಯದಾದರೂ ಹೆಣ್ಣಾಗಲಿ ಎಂದು ಕಾದಿದ್ದ ತಾಯಿ ಮಗುವಿನ ಮುಖ ನೋಡಿ ಬಿಟ್ಟ ನಿಟ್ಟುಸಿರೇ ಹೆಸರಾಗಿ ನಿಂತುಬಿಟ್ಟಿತ್ತು. ಈಗ ಅರವತ್ತೊಂದರ ವಯಸ್ಸಿನಲ್ಲಿ ಅದೇ ನಿಟ್ಟುಸಿರನ್ನು ಹೆಂಡತಿ ಮುಂದುವರಿಸಿದ್ದರು. "ಮತ್ತೂ ಹುಡುಗನೇ! ನಿಮ್ಮಮ್ಮ ದೂರದೃಷ್ಟಿ ಇದ್ದೋರು!" ಇನ್ನು ಮನೆತನದ ಹೆಸರಿನಲ್ಲಿ ಸೆಲೆ ಇದ್ದರೂ ನೀರಿಗೂ ಅವರಿಗೂ ಇದ್ದ ನಂಟು ಸ್ನಾನದ ಬಕೆಟ್ಟಿನಷ್ಟು. ಈಜು ಬಾರದು. ಮೂವತ್ತೊಂದು ವರ್ಷ ಬಸ್ ಓಡಿಸಿದ್ದರು, ಅಷ್ಟೂ ವರ್ಷ ಸಮುದ್ರವನ್ನು ಎಡಗಡೆಯ ಕಿಟಕಿಯಲ್ಲಿ ಹೋಗುತ್ತಾ, ಬಲಗಡೆಯ ಕಿಟಕಿಯಲ್ಲಿ ಬರುತ್ತಾ ನೋಡಿದ್ದರು, ಅಷ್ಟೇ.

ಆದರೆ ಈ ಹುಚ್ಚು ನಿವೃತ್ತಿಯಾದ ಮೇಲೆ ಹತ್ತಿದ್ದಲ್ಲ. ಸೆಲೆಯವರಿಗೆ ಹನ್ನೊಂದು ವರ್ಷವಿದ್ದಾಗ ಅವರ ಅಪ್ಪ ಸ್ಕಾಟ್‌ಬರ್ಗ್‌ನ ಕಡಲ ಅಂಚಿನಲ್ಲೇ ಹಾದುಹೋಗುವ ರೈಲುಹಳಿಯ ಕೂಲಿಯಾಗಿದ್ದರು. ಅಪ್ಪನಿಗೆ ಬುತ್ತಿ ಕೊಡಲು ಹೋದವನು ಹಳಿಯ ಮೇಲೆ ನಿಂತು ನೋಡುತ್ತಿದ್ದ. ಉದ್ದನೆಯ ದೋಣಿಯಲ್ಲಿ ಕಾಲು ಚಾಚಿ ಕೂತ ಬಿಳಿಯನೊಬ್ಬ, ಬೆಟ್ಟದಂಥ ಅಲೆಯ ನೆತ್ತಿಯಿಂದ ಜಾರುತ್ತಾ ಜಾರುತ್ತಾ ದಡದವರೆಗೂ ಬಂದ. ಬಂದವನು ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಿದ. ಹುಡುಗ ಮರಳಿಗೆ ಇಳಿಯಹೋದ. ಅಲ್ಲೊಂದು ಬೋರ್ಡು ಇತ್ತು. ಆ ಮರಳು ಯಾರಿಗೆ, ಯಾರಿಗಲ್ಲ ಎಂದು ಬರೆದಿತ್ತು. ಅಪ್ಪ ಕೂಗಿ ವಾಪಸು ಕರೆದರು. ಬೋರ್ಡು ಹೋಗಿ ಮೂವತ್ತು ವರ್ಷವಾಗಿದೆ. ಹುಡುಗ ಮಾತ್ರ ಇನ್ನೂ ಹಳಿಯ ಮೇಲೆಯೇ ನಿಂತಿದ್ದ.

ಈ ಕಥೆ ಮಾಶೇಜಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ, ಹಿಂದಿನ ಬೀದಿಯ ಗುಮೆಡೆ ತನ್ನ ಪಿಕಪ್ಪಿನಲ್ಲಿ ಹಳೆಯದೊಂದು ಕಯಾಕ್ ದೋಣಿ ತಂದು ಅಂಗಳದಲ್ಲಿ ಇಳಿಸಿದಾಗ ಅವರು ಪೊರಕೆ ತೆಗೆದುಕೊಳ್ಳಲಿಲ್ಲ. ಬರೀ ಕೇಳಿದರು:

"ಇದು ಎಲ್ಲಿರುತ್ತೆ?"

ಒಳ್ಳೆಯ ಪ್ರಶ್ನೆ! ಹಳದಿ ಬಣ್ಣ, ಇಬ್ಬರು ಕೂರುವಂಥದ್ದು, ಮೂರು ಆಳುದ್ದ. ಅಂಗಳದಲ್ಲಿಟ್ಟರೆ ಕಳ್ಳರು ಬಿಡುವುದಿಲ್ಲ. ಹೀಗಾಗಿ ಕಯಾಕ್ ಮನೆಯೊಳಗೆ ಗೃಹಪ್ರವೇಶ ಮಾಡಿತು. ಅದರ ಬಾಲ ಅಡುಗೆಮನೆಯಲ್ಲಿ, ಹೊಟ್ಟೆ ನಡುಕೋಣೆಯಲ್ಲಿ, ಮೂತಿ ಮಲಗುವ ಕೋಣೆಯ ಬಾಗಿಲಲ್ಲಿ! ಮಾಶೇಜಿ ದಿನಕ್ಕೆ ನಲವತ್ತು ಸಲ ಸೀರಿಯಸ್ಸಾಗಿ ಸಮುದ್ರ ಲಂಘನ ಮಾಡಬೇಕಾಯಿತು. ನಾಲ್ಕನೆಯ ದಿನ ಪಕ್ಕದ ಮನೆಯ ಕೋಳಿ ಅದರ ಹಿಂದಿನ ಗುಂಡಿಯಲ್ಲಿ ಒಂದು ಮೊಟ್ಟೆಯನ್ನೂ ಇಟ್ಟಿತು.

"ಶುಭ ಶಕುನ!" ಎಂದರು ಸೆಲೆ.

"ಕೋಳಿಗೆ. ಅದಕ್ಕೊಂದು ಮನೆ ಆಯ್ತು. ನನ್ನದು ಹೋಯ್ತು" ಎಂದರು ಮಾಶೇಜಿ.

ಮೊದಲ ಶನಿವಾರ ಸೆಲೆಯವರು ಒಬ್ಬರೇ ಕಡಲಿಗಿಳಿದರು. ಹಿಂದಿನ ಸೀಟಿನಲ್ಲಿ ಕೂತರು. ಕಯಾಕಿನ ಮೂತಿ ಮರದೆಲೆಗೆ ಬಾಯಿ ಹಾಕುವ ಮೇಕೆಯಂತೆ ಆಕಾಶ ನೋಡಿತು. ಬಂದ ಮೊದಲ ಅಲೆ, ಮೊಣಕಾಲೆತ್ತರದ ಕೂಸು ಅಲೆ, ಆ ಮೂತಿಯನ್ನು ಒಂದು ಬೆರಳಿನಲ್ಲಿ ತಳ್ಳಿದಂತೆ ತಳ್ಳಿತು. ಸೆಲೆಯವರು ತಲೆ ಕೆಳಗಾಗಿ, ಕಡಲ ತಳದ ಮರಳಿನ ಗುಣಮಟ್ಟವನ್ನು ಹಲ್ಲಿನಿಂದಲೇ ಪರೀಕ್ಷಿಸಿ ಮೇಲೆ ಬಂದರು. ಹೀಗೆ ಏಳು ಸಲ.

ಗುಮೆಡೆ ಇಪ್ಪತ್ತು ವರ್ಷದಿಂದ ಕಯಾಕಿನಲ್ಲಿ ಹೋಗಿ ಮೀನು ಹಿಡಿದು, ಅಲೆಯ ಮೇಲೆ ಕೂತು ಮನೆಗೆ ಬರುವವನು. ಅವನು ಪಿಕಪ್ಪಿಗೆ ಒರಗಿ, ಬ್ರೆಡ್ ಅಗಿಯುತ್ತಾ, ಏಳೂ ಪಲ್ಟಿಯನ್ನು ನೋಡಿ, ಕುಲದ ಹೆಸರು ಹಿಡಿದು ಮರ್ಯಾದೆಯಿಂದಲೇ ಹೇಳಿದ:

"ನ್ದೋಸಿ, ಇದು ಜೋಡಿ ದೋಣಿ. ಮುಂದುಗಡೆ ಭಾರ ಬೇಕು."

"ಎಷ್ಟು ಭಾರ?"

"ಒಂದು ಹೆಂಡತಿಯಷ್ಟು."

ಹೆಂಡತಿಯನ್ನು ಕೇಳುವ ಧೈರ್ಯ ಯಾರಿಗಿದೆ? ಸೆಲೆಯವರು ಮನೆಯಲ್ಲೆಲ್ಲ ಕಣ್ಣಾಡಿಸಿದರು. ಅಡುಗೆಮನೆಯ ಮೂಲೆಯಲ್ಲಿ ಇಪ್ಪತ್ತೈದು ಕಿಲೋದ ಮೆಕ್ಕೆಜೋಳದ ಹಿಟ್ಟಿನ ಮೂಟೆ ದುಂಡಗೆ, ಮೌನವಾಗಿ, ಯಾವ ತಕರಾರೂ ಇಲ್ಲದೆ ಕೂತಿತ್ತು. ಆದರ್ಶ ಸಂಗಾತಿ! ಚರ್ಚಿನ ಹೆಂಗಸರ ಕೂಟಕ್ಕೆ ಬರುವ ಅರವತ್ತು ಜನ ಅತಿಥಿಗಳಿಗೆ ಫುತು, ಅಂದರೆ ಜೋಳದ ಉದುರುಮುದ್ದೆ, ಬೇಯಿಸಲೆಂದು ಮಾಶೇಜಿ ತಂದಿಟ್ಟ ಮೂಟೆ ಅದು. 'ಹೋಗಿ ಬರೋದು ತಾನೇ, ಹಿಟ್ಟಿಗೇನು ಸವೆದುಹೋಗುತ್ತಾ?' ಎಂದುಕೊಂಡರು ಸೆಲೆ. ಮೂರು ಪ್ಲಾಸ್ಟಿಕ್ ಚೀಲ ಸುತ್ತಿದರು. ಮಾಶೇಜಿ ಪ್ರಾರ್ಥನೆಗೆ ಹೋಗಿದ್ದಾಗ ಹಿಟ್ಟು ಕಡಲಿಗೆ ಹೊರಟಿತು.

ಸಂಜೆ ಮಾಶೇಜಿ ಇಬ್ಬರು ಗೆಳತಿಯರೊಂದಿಗೆ ಮನೆಗೆ ಬಂದಾಗ, ಅಂಗಳದಲ್ಲಿ ತಗಡು ಹಾಸಿ, ಅದರ ಮೇಲೆ ಬೂದುಬಣ್ಣದ ಏನನ್ನೋ ಸಲಿಕೆಯಿಂದ ಹರಡುತ್ತಿದ್ದ ಗಂಡನನ್ನು ಕಂಡರು. ಸುತ್ತಲೂ ಬೀದಿಯ ಅಷ್ಟೂ ಕೋಳಿಗಳು ಸೇರಿದ್ದವು.

"ಇದೇನು, ಝಿನ್ಲೆ ಅಪ್ಪ?" ಮಗಳ ಹೆಸರು ಹಿಡಿದು ಕರೆದರೆಂದರೆ ಇನ್ನೂ ಪರವಾಗಿಲ್ಲ ಎಂದರ್ಥ.

"ಹಿಟ್ಟು."

"ಯಾಕೆ ಒದ್ದೆಯಾಗಿದೆ?"

"ಸಮುದ್ರಕ್ಕೆ ಹೋಗಿತ್ತು."

"ಹಿಟ್ಟು?"

"ಹೌದು."

"ಒಂದೇ?"

"ಛೆ ಛೆ, ಜೊತೆಗೆ ನಾನಿದ್ದೆ. ಲೈಫ್ ಜಾಕೆಟ್ ಕೂಡ ಹಾಕಿದ್ದೆ, ಮಾಶೇಜಿ!"

"ನಿಮಗಾ?"

"ಹಿಟ್ಟಿಗೆ."

ಗೆಳತಿಯರಿಬ್ಬರೂ ಮುಖ ತಿರುಗಿಸಿದರು. ಅವರ ಭುಜಗಳು ಕುಣಿಯುತ್ತಿದ್ದವು. ಮಾಶೇಜಿ ಬಗ್ಗಿ, ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು. "ಉಪ್ಪು ಹೆಚ್ಚಾಯ್ತು" ಎಂದರು. ಅದೇ ಕೊನೆಯ ಮಾತು. ಆಮೇಲೆ ನಾಲ್ಕು ದಿನ ಆ ಮನೆಯಲ್ಲಿ ಗಂಡನ ಜೊತೆ ಮಾತಿಲ್ಲ.

ಮಾತಿಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಡರ್ಬನ್ನಿನಲ್ಲಿರುವ ಮಗಳ ಮೂಲಕ ಇತ್ತು. ಮಾಶೇಜಿ ಅಡುಗೆಮನೆಯಿಂದ ಫೋನು ಮಾಡುವರು: "ಝಿನ್ಲೆ, ನಿಮ್ಮಪ್ಪನಿಗೆ ಹೇಳು, ಊಟ ಒಲೆ ಮೇಲಿದೆ." ಐದು ಹೆಜ್ಜೆ ದೂರದ ನಡುಕೋಣೆಯಲ್ಲಿ ಸೆಲೆಯವರ ಫೋನು ರಿಂಗಾಗುವುದು. "ಅಪ್ಪ, ಊಟ ಒಲೆ ಮೇಲಿದೆಯಂತೆ." "ಸರಿ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳು." ಮತ್ತೆ ಅಡುಗೆಮನೆಯ ಫೋನು. "ನಿಮ್ಮಪ್ಪನಿಗೆ ಹೇಳು, ಉಪ್ಪು ಬೇಕಾದ್ರೆ ಹಿಟ್ಟು ನೆಕ್ಕಲಿ ಅಂತ!" ನಾಲ್ಕನೆಯ ದಿನ ಝಿನ್ಲೆ ಇಬ್ಬರಿಗೂ ಒಟ್ಟಿಗೆ ಕರೆ ಮಾಡಿ, "ನನಗೆ ಕೆಲಸ ಇದೆ. ನೀವಿಬ್ಬರೂ ಬಾಗಿಲು ತೆಗೆದುಕೊಂಡು ಮಾತಾಡಿ" ಎಂದು ಫೋನಿಟ್ಟಳು.

ಬಾಗಿಲು ತೆಗೆದೇ ಇತ್ತು, ನಡುವೆ ಕಯಾಕ್ ಅಡ್ಡವಿತ್ತು. ಅದರ ಈಚೆ ಒಬ್ಬರು, ಆಚೆ ಒಬ್ಬರು ಕೂತರು.

"ಒಂದೇ ಒಂದು ಅಲೆ, ಮಾಶೇಜಿ" ಎಂದರು ಸೆಲೆ. ಈ ಸಲ ಕೈ ಮೇಲೆತ್ತಲಿಲ್ಲ. "ಒಂದು ಅಲೆ ಏರಿ ದಡಕ್ಕೆ ಬಂದರೆ ಸಾಕು. ಆಮೇಲೆ ಮಾರಿಬಿಡ್ತೀನಿ."

"ನೀವು ಒಬ್ಬರೇ ಹೋದ್ರೆ ಇನ್ನು ಹತ್ತು ವರ್ಷ 'ಇನ್ನೇನು ಬಂದೇಬಿಟ್ಟಿತ್ತು' ಅಂತ ಹೇಳ್ತಾನೇ ಇರ್ತೀರಿ. ನಾನೂ ಬರ್ತೀನಿ. ಮುಂದೆ ಕೂತ್ಕೋತೀನಿ. ಒಂದು ಅಲೆ ಆಗಿದ್ದನ್ನ ಕಣ್ಣಾರೆ ನೋಡ್ತೀನಿ. ಅವತ್ತೇ ಇದು ಮನೆ ಬಿಡಬೇಕು."

"ನಿನಗೆ ಹೆದರಿಕೆ ಆಗಲ್ವಾ?"

"ಅರವತ್ತು ಜನರಿಗೆ ಹಿಟ್ಟಿಲ್ಲದೆ ಫುತು ಮಾಡಬೇಕಾಗಿರೋಳಿಗೆ ಸಮುದ್ರ ಯಾವ ಲೆಕ್ಕ?"

ಶನಿವಾರ ಬೆಳಿಗ್ಗೆ ಪಶ್ಚಿಮದ ತಣ್ಣನೆಯ ಗಾಳಿ, ಗಾಜಿನಂಥ ಕಡಲು. ರಜೆಯ ಕಾಲ, ದಡದ ತುಂಬ ಜನ. ಮಾಶೇಜಿ ಮಂಡಿ ಮುಚ್ಚುವ ಹೂವಿನ ಬಟ್ಟೆ, ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ಬಟ್ಟೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಕೊರಳಿಗೆ ಬ್ರೆಡ್ಡಿನ ಚೀಲದಲ್ಲಿ ಸುತ್ತಿದ ಫೋನು ನೇತುಹಾಕಿಕೊಂಡು ಮುಂದಿನ ಸೀಟಿನಲ್ಲಿ ಆಸೀನರಾದರು. ಕೈಗೊಂದು ಹುಟ್ಟು ಕೊಟ್ಟದ್ದಾಯಿತು. ಸೆಲೆಯವರು ಹಿಂದೆ. ದೊಡ್ಡ ಅಲೆಗಳ ಗುಂಪು ಕಳೆದು ನೀರು ಶಾಂತವಾದದ್ದೇ ಗುಮೆಡೆ, "ಈಗ! ಎಳೀರಿ!" ಎಂದು ತಳ್ಳಿದ.

ಭಾರ ಸಮವಾಗಿದ್ದೇ ತಡ, ಇಷ್ಟು ದಿನ ಆಕಾಶ ನೋಡುತ್ತಿದ್ದ ಮೂತಿ ಸಾಧುವಾಗಿ ನೀರು ಸೀಳಿತು. ನೊರೆ ದಾಟಿದರು, ಅಲೆ ಒಡೆಯುವ ಜಾಗ ದಾಟಿದರು, ಒಂದೂ ಪಲ್ಟಿಯಿಲ್ಲದೆ ಆಚೆಗೆ ಬಂದು ತಿರುಗಿ ನಿಂತರು. ಸೆಲೆಯವರಿಗೆ ನಂಬಲಾಗಲಿಲ್ಲ. ದೂರದಲ್ಲಿ ರೈಲುಹಳಿ ಕಾಣುತ್ತಿತ್ತು.

"ಇಲ್ಲಿಂದ ಸರಿಯಾಗಿ ಕೇಳಿಸ್ಕೊ" ಎಂದು ಅವರು ಗುರುಗಳಾದರು. "ಅಲೆ ಬಂದಾಗ ಹಿಂದಕ್ಕೆ ಒರಗು. ದೋಣಿ ಯಾವ ಕಡೆ ವಾಲುತ್ತೋ ಆ ಕಡೆ ಹುಟ್ಟು ಊರು. ಹುಟ್ಟು ಮಾತ್ರ ಕೈ ಬಿಡಬೇಡ. ಹುಟ್ಟು ಬಿಟ್ಟರೆ ಸಾವೇ!"

"ಗೊತ್ತಾಯ್ತು."

"ಮತ್ತೆ, ಹಿಂದೆ ತಿರುಗಬೇಡ. ತಿರುಗಿದ್ರೆ ದೋಣಿ ಮಗುಚುತ್ತೆ. ಹಿಂದಿನದೆಲ್ಲಾ ನನಗೆ ಬಿಡು."

"ಬಿಟ್ಟೆ."

ಬೆನ್ನ ಹಿಂದೆ ಕಡಲು ಉಸಿರೆಳೆದುಕೊಂಡಂತೆ ಉಬ್ಬಿತು. "ಎಳಿ!" ಎಂದು ಸೆಲೆ ಕೂಗಿದರು. ಇಬ್ಬರೂ ಎಳೆದರು. ಕಯಾಕಿನ ಬಾಲ ಎದ್ದಿತು, ಮೂತಿ ಇಳಿಯಿತು, ಅಲೆ ಅವರನ್ನು ಹಿಡಿಯಿತು! ಸಾಕ್ಷಾತ್ ಅಲೆ! ಐವತ್ತು ವರ್ಷದ ಅಲೆ! ಸೆಲೆಯವರ ಎದೆ ಹಿಗ್ಗಿತು. ಆ ಹಿಗ್ಗಿನಲ್ಲಿ, ಇನ್ನೂ ಎರಡು ಆಳುದ್ದವೂ ಜಾರಿರಲಿಲ್ಲ, ಅವರು ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಿಬಿಟ್ಟರು.

ಮುಂದಿನ ಗಳಿಗೆಯಲ್ಲಿ ಅವರು ದೋಣಿಯ ಹಿಂಬದಿಯಿಂದ, ಮೂಟೆ ಇಳಿಸಿದಷ್ಟು ಸಲೀಸಾಗಿ, ಸಾಗರಕ್ಕೆ ಇಳಿದಿದ್ದರು.

ತಮ್ಮ ಲೈಫ್ ಜಾಕೆಟ್ಟಿನ ದಯೆಯಿಂದ ತೇಲಿ, ಉಪ್ಪುನೀರು ಉಗುಳಿ ಕಣ್ಣು ಒರೆಸಿಕೊಂಡು ನೋಡಿದರೆ ಅಲೆಯ ಬೆನ್ನು ಕಾಣುತ್ತಿತ್ತು. ಅದರಾಚೆ ಕಿತ್ತಳೆ ಜಾಕೆಟ್ಟು, ನೆಟ್ಟಗಿನ ಬೆನ್ನು, ತಲೆವಸ್ತ್ರದ ಗಂಟು. ಮಾಶೇಜಿ ಹೋಗುತ್ತಿದ್ದರು! ಗಂಡ ಹೇಳಿದಂತೆ ಹಿಂದಕ್ಕೆ ಒರಗಿದ್ದರು. ದೋಣಿ ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ, ಅರವತ್ತು ಜನರ ಹಂಡೆಯಲ್ಲಿ ಫುತು ಕೆದಕುವ ತೋಳಿನಿಂದ ಹುಟ್ಟು ಊರುತ್ತಿದ್ದರು. ಹೇಳಿದಂತೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಬೈಗುಳ ಮಾತ್ರ ಗಾಳಿಯಲ್ಲಿ ತುಂಡು ತುಂಡಾಗಿ ತೇಲಿ ಬರುತ್ತಿತ್ತು: "...ನೆಟ್ಟಗೆ ಓಡಿಸ್ರೀ!... ಯಾಕೆ ಮಾತಾಡ್ತಿಲ್ಲ?... ಮೂವತ್ತೊಂದು ವರ್ಷ ಬಸ್ಸನ್ನೂ ಹೀಗೇ..."

ಸೆಲೆಯವರಿಗೆ ಆಗ ಭಯವಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ಅದು ತಮ್ಮ ಅಲೆ!

ದಡದಲ್ಲಿ ಜನ ಎದ್ದು ನಿಂತರು. ಕಯಾಕ್ ನೊರೆಯ ಮೇಲೆ ಕುಣಿಯುತ್ತಾ ಬಂದು, ಮರಳಿನ ಮೇಲೆ ಬಸ್‌ಸ್ಟಾಪಿನಲ್ಲಿ ನಿಂತಂತೆ ಮೆತ್ತಗೆ ನಿಂತಿತು. ಚಪ್ಪಾಳೆ, ಶಿಳ್ಳೆ, ಹೆಂಗಸರ ಕೇಕೆ! ಮಾಶೇಜಿ ಬೈಗುಳದ ಕೊನೆಯ ವಾಕ್ಯ ಮುಗಿಸಲು ಹಿಂದೆ ತಿರುಗಿದರು. ಖಾಲಿ ಸೀಟು.

"ಅಯ್ಯೋ ದೇವರೇ! ನನ್ನ ಗಂಡ!"

ಸೆಲೆಯವರನ್ನು ತೇಲುಹಲಗೆಯ ಮೇಲೆ ಹೇರಿಕೊಂಡು ಬಂದವಳು ನೊಕ್ವಾಜಿ ಎಂಬ ಲೈಫ್‌ಗಾರ್ಡ್ ಹುಡುಗಿ. ದಾರಿಯುದ್ದಕ್ಕೂ ಅವರ ಮುಖವನ್ನೇ ನೋಡುತ್ತಿದ್ದಳು.

"ಅಂಕಲ್, ನೀವು ಬೆಳಿಗ್ಗೆ ಆರೂವರೆ ಬಸ್ಸಿನ ಡ್ರೈವರ್ ಅಲ್ವಾ? ನಾನು ಶಾಲೆಗೆ ಓಡಿ ಬರ್ತಿದ್ರೂ ಕನ್ನಡೀಲಿ ನೋಡಿ ನೋಡಿ ಬಿಟ್ಟು ಹೋಗ್ತಿದ್ರಲ್ಲ?"

"ಟೈಮು ಅಂದ್ರೆ ಟೈಮು, ಮಗಳೇ..." ಎಂದು ಸೆಲೆ ಕ್ಷೀಣವಾಗಿ ಹೇಳಿದರು.

"ನಂದೂ ತಿಂಡಿ ಟೈಮು ಆಗಿತ್ತು. ಆದ್ರೂ ಬಂದೆ ನೋಡಿ!"

ದಡದಲ್ಲಿ ಅವಳು ದಾಖಲೆ ಪುಸ್ತಕ ತೆರೆದು, ಕಯಾಕಿನಿಂದ ಏನೇನು ಬಿದ್ದುಹೋಗಿತ್ತು ಎಂದು ಕೇಳಿದಳು.

"ಒಂದು ಹುಟ್ಟು, ಒಬ್ಬ ಗಂಡ" ಎಂದರು ಮಾಶೇಜಿ. ಅವರ ಕಣ್ಣು ಒದ್ದೆಯಾಗಿತ್ತು. ಸೆಲೆಯವರ ತಲೆ, ತೋಳು, ಬೆನ್ನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ, ಎಲ್ಲವೂ ಇದೆಯೆಂದು ಖಾತ್ರಿಯಾದ ಮೇಲೆ, ಆ ತೋಳಿಗೇ ಪಟ್ಟೆಂದು ಒಂದು ಏಟು ಕೊಟ್ಟರು. "ಇವರು ಸಿಕ್ಕಿದ್ರು. ಹುಟ್ಟು ಸಿಕ್ತಾ?"

ಮನೆಗೆ ಬರುವಾಗ ಪಿಕಪ್ಪಿನಲ್ಲಿ ಸೆಲೆಯವರು ನ್ಯಾಯ ತೆಗೆದರು. "ಮಾಶೇಜಿ, ಇದು ಲೆಕ್ಕಕ್ಕಿಲ್ಲ. ನಾನು ಅಲೆ ಏರಲೇ ಇಲ್ಲ."

"ಕರಾರು ಏನು? ಒಂದು ಅಲೆ. ದೋಣಿ ಏರ್ತು, ದಡಕ್ಕೆ ಬಂತು, ನಾನು ಕಣ್ಣಾರೆ ನೋಡಿದೆ. ನೀವು ಮಧ್ಯದಲ್ಲಿ ಇಳಿದುಹೋದ್ರೆ ಅದು ನಿಮ್ಮ ತಪ್ಪು. ಮಾರಿ."

ಗುಮೆಡೆ ಕನ್ನಡಿಯಲ್ಲಿ ನೋಡಿ, "ಕಾನೂನು ಅವರ ಕಡೆ ಇದೆ, ನ್ದೋಸಿ" ಎಂದ.

ಸೆಲೆಯವರು ರಟ್ಟಿನ ಮೇಲೆ 'ಮಾರಾಟಕ್ಕಿದೆ' ಎಂದು ಬರೆದು ಗೇಟಿಗೆ ನೇತುಹಾಕಿದರು. ಅಕ್ಷರಗಳನ್ನು ಬೇಕೆಂದೇ ಸಣ್ಣದಾಗಿ ಬರೆದಿದ್ದರು.

ಗುರುವಾರ ಹೆಂಗಸರ ಕೂಟ ನಡೆಯಿತು. ಬೀದಿಯ ಎಂಟು ಮನೆಯಿಂದ ಎರವಲು ತಂದ ಹಿಟ್ಟಿನಲ್ಲಿ ಫುತು ಬೆಂದಿತ್ತು. ಹಿತ್ತಲಲ್ಲಿ ಹಂಡೆ ತಿಕ್ಕುವ ಶಿಕ್ಷೆ ಅನುಭವಿಸುತ್ತಿದ್ದ ಸೆಲೆಯವರಿಗೆ ಒಳಗಿನ ಮಾತು ಕೇಳುತ್ತಿತ್ತು. ಮಾಶೇಜಿ ಕಥೆ ಹೇಳುತ್ತಿದ್ದರು. ಮೊದಲ ಸಲ ಹೇಳಿದಾಗ ಅಲೆ ಸೊಂಟದೆತ್ತರ ಇತ್ತು. ಎರಡನೆಯ ಗುಂಪು ಅತಿಥಿಗಳಿಗೆ ಹೇಳಿದಾಗ ಮನೆಯೆತ್ತರ. ಮೂರನೆಯ ಸಲ ಚರ್ಚಿನ ಗೋಪುರ ಮುಳುಗಿತು, ಮತ್ತು ದೋಣಿಯಲ್ಲಿ ಗಂಡ ಇರಲೇ ಇಲ್ಲ!

ಶುಕ್ರವಾರ ಬೆಳಿಗ್ಗೆ ನೋಡಿದರೆ ಗೇಟಿನ ರಟ್ಟು ಮಾಯ. ಅದರ ಮೇಲೆ ಮಾಶೇಜಿ ಈರುಳ್ಳಿ ಹೆಚ್ಚುತ್ತಿದ್ದರು.

"ಅದು... ಮಾರಾಟದ ಬೋರ್ಡು..." ಎಂದರು ಸೆಲೆ.

"ನಾಳೆ ಬೆಳಿಗ್ಗೆ ಪಶ್ಚಿಮದ ಗಾಳಿಯಂತೆ. ಗುಮೆಡೆ ಹೇಳಿದ್ರು" ಎಂದು ಮಾಶೇಜಿ ಈರುಳ್ಳಿಗೆ ಹೇಳಿದರು. "ಒಂದು ಅಲೆಗೆ ಮಾತ್ರ. ನೀವು ಮುಂದೆ ಕೂರಬೇಕು, ನನ್ನ ಕಣ್ಣಿಗೆ ಕಾಣೋ ಹಾಗೆ. ಹಿಂದೆ ನಾನು. ಓಡಿಸೋದು ನಾನು."

"ನೀನಾ? ನಾನು ಗಂಡಸು, ಡ್ರೈವರು, ನನ್ನನ್ನ ಮುಂದೆ ಭಾರಕ್ಕೆ ಕೂರಿಸಿ..."

"ಹಿಟ್ಟು ಕೂತಿತ್ತು. ಅದೇನೂ ತಕರಾರು ಮಾಡ್ಲಿಲ್ಲ."

ಹಾಗಾಗಿ ಶನಿವಾರ ಸೆಲೆಯವರು ಮುಂದೆ ಕೂತರು. ಆಚೆಗೆ ಹೋದರು, ತಿರುಗಿ ನಿಂತರು. ಮಾಶೇಜಿ ಎರಡು ಅಲೆ ಬೇಡವೆಂದು ಬಿಟ್ಟರು, ತರಕಾರಿ ಆರಿಸಿದಂತೆ. ಮೂರನೆಯದಕ್ಕೆ "ಇದು" ಎಂದರು. ಸೀಟು ಕೆಳಗಿನಿಂದ ಎದ್ದಿತು. ಕಿವಿ ತುಂಬ ನೂರು ಬಸ್ಸುಗಳ ಮೊರೆತ! ತುಟಿಗೆ ಉಪ್ಪು ಸಿಡಿಯಿತು, ಗಾಳಿ ಕೆನ್ನೆಗೆ ಬಡಿಯಿತು, ದೋಣಿ ಜಾರಿತು, ಜಾರಿತು, ಜಾರುತ್ತಲೇ ಇತ್ತು. ಸೆಲೆಯವರು ಎರಡೂ ಕೈಯಲ್ಲಿ ಅಂಚನ್ನು ಬಿಗಿಹಿಡಿದು, ಗೊತ್ತಿದ್ದ ಒಂದೇ ಕೀರ್ತನೆಯ ಮೊದಲ ಸಾಲನ್ನು ಮತ್ತೆ ಮತ್ತೆ ಹಾಡಿದರು. ಆಮೇಲೆ ಮರಳು ಸರ್ರೆಂದಿತು. ಎಲ್ಲ ನಿಂತಿತು. ಚಪ್ಪಾಳೆ ಕೇಳಿಸಿತು.

ಮಾಶೇಜಿ ಹಿಂದಿನಿಂದ ಇಳಿದು, ನೀರಲ್ಲಿ ಬಟ್ಟೆ ಎತ್ತಿಕೊಂಡು ನಡೆದು ಮುಂದೆ ಬಂದು ಗಂಡನೆದುರು ನಿಂತರು. ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು.

"ಹೇಗಿತ್ತು?"

"ಅದ್ಭುತ, ಮಾಶೇಜಿ!" ಸೆಲೆಯವರು ಅಂಚು ಹಿಡಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಐವತ್ತು ವರ್ಷ ಕಾದಿದ್ದು ಸಾರ್ಥಕ! ಆ ನೀರು, ಆ ಬೆಳಕು, ಆ ದಡ ಓಡಿ ಓಡಿ ಹತ್ತಿರ ಬರೋ ಚೆಂದ! ಎಲ್ಲಾ ನೋಡಿಬಿಟ್ಟೆ!"

"ಸಂತೋಷ" ಎಂದರು ಮಾಶೇಜಿ. "ಇನ್ನು ಕಣ್ಣು ಬಿಡಿ. ಇಳಿಯೋ ಜಾಗ ಬಂತು."